ಕಡಲಿನ ಗಡಿಯಾರ ನೋಡಿಕೊಂಡು ರಜೆ ಕಳೆಯುವುದು ಹೇಗೆ?

ಒಂದು ಸಲ ಕಡಲತೀರದಲ್ಲಿ ನನ್ನ ಎಡಗಾಲಿನ ಚಪ್ಪಲಿ ಹೋಯಿತು. ಬಲಗಾಲಿನದು ನಲವತ್ತು ಹೆಜ್ಜೆ ಆಚೆ, ಪಾಚಿಯ ರಾಶಿಯಲ್ಲಿ ಸಿಕ್ಕಿತು. ಬೆಳಿಗ್ಗೆ ಬಂದಾಗ ನೀರು ಎಷ್ಟೋ ದೂರದಲ್ಲಿತ್ತು. ಮರಳು ಗಟ್ಟಿಯಾಗಿ, ಚೊಕ್ಕವಾಗಿತ್ತು. ಚೀಲ, ಟವೆಲ್, ಚಪ್ಪಲಿ ಎಲ್ಲ ಅಲ್ಲೇ ಇಟ್ಟು ಬಂಡೆಗಳ ಕಡೆ ಹೊರಟೆ. ಒಂದು ಗಂಟೆ ಬಿಟ್ಟು ತಿರುಗಿ ನೋಡಿದರೆ ನೀರು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪರವಾಗಿಲ್ಲ ಅಂದುಕೊಂಡು ಇನ್ನೆರಡು ಗಂಟೆ ಸುತ್ತಾಡಿದೆ. ವಾಪಸ್ ಬಂದಾಗ ಚೀಲ ತೇಲುತ್ತಿತ್ತು.

ತಪ್ಪು ಕಡಲಿನದಲ್ಲ, ನನ್ನದೇ. ನಾವು ತಿಂಡಿ, ಊಟ, ನಿದ್ದೆಯ ಲೆಕ್ಕದಲ್ಲಿ ಬೀಚಿಗೆ ಹೋಗುತ್ತೇವೆ. ಕಡಲಿಗೆ ಅದರದೇ ವೇಳಾಪಟ್ಟಿ ಇದೆ. ಬಂಡೆ ನೋಡಲು ಒಂದು ಹೊತ್ತು, ಮರಳಲ್ಲಿ ಆಡಲು ಒಂದು ಹೊತ್ತು, ನೀರಿಗೆ ಇಳಿಯಲು ಇನ್ನೊಂದು ಹೊತ್ತು. ಅದನ್ನು ತಿಳಿದು ಹೋದರೆ ಎರಡು ದಿನದ ರಜೆಯಲ್ಲೂ ಮಾಡಲು ಬೇಕಾದಷ್ಟಿದೆ. ತಿಳಿಯದೆ ಹೋದರೆ ನಾಲ್ಕು ಫೋಟೋ, ಒಂದಿಷ್ಟು ಒದ್ದೆ ಬಟ್ಟೆ, ಅಷ್ಟೇ.

ಮೊದಲು ಉಬ್ಬರ-ಇಳಿತದ ಸಮಯ ಬರೆದುಕೊಳ್ಳಿ

ಹೊರಡುವ ಹಿಂದಿನ ರಾತ್ರಿಯ ಕೆಲಸ ಇದು. ನೀವು ಹೋಗುವ ತೀರದ ಹೆಸರಿನ ಜೊತೆ ‘ಟೈಡ್ ಟೈಮ್’ ಎಂದು ಫೋನಿನಲ್ಲಿ ಹುಡುಕಿದರೆ ಆ ದಿನದ ಪಟ್ಟಿ ಸಿಗುತ್ತದೆ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಮೆಡಿಟರೇನಿಯನ್‌ನಂಥ ಒಳಗಡಲಿನ ಬಹಳಷ್ಟು ಕಡೆ ಏರಿಳಿತ ಕಣ್ಣಿಗೆ ಬೀಳುವುದೇ ಕಡಿಮೆ. ಕೆನಡಾದ ಫಂಡಿ ಕೊಲ್ಲಿಯಲ್ಲಾದರೆ ನೀರು 16 ಮೀಟರ್‌ವರೆಗೆ ಏರುತ್ತದೆ. ಆದ್ದರಿಂದ ಸಮಯ ಮಾತ್ರ ನೋಡಿದರೆ ಸಾಲದು, ಪಕ್ಕದಲ್ಲಿ ಬರೆದಿರುವ ಎತ್ತರವನ್ನೂ ನೋಡಿ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಮೇಲೇರುತ್ತದೆ, ಜಾಸ್ತಿ ಕೆಳಗೂ ಇಳಿಯುತ್ತದೆ. ಬಂಡೆಗಳ ನಡುವೆ ಅಡ್ಡಾಡುವ ಆಸೆಯಿದ್ದರೆ ರಜೆಯನ್ನು ಆ ದಿನಗಳಿಗೇ ಹಾಕಿಕೊಳ್ಳಿ. ಬೇರೆ ದಿನ ನೀರಿನಡಿ ಇರುವ ಜಾಗವೂ ಆಗ ಬಯಲಾಗುತ್ತದೆ. ಅರ್ಧಚಂದ್ರನ ದಿನಗಳಲ್ಲಿ ಏರಿಳಿತ ಸಪ್ಪೆ.

ನನ್ನ ಚಪ್ಪಲಿಯನ್ನು ಕೊಂಡೊಯ್ದ ಲೆಕ್ಕ ಇನ್ನೊಂದಿದೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಬರುವುದು ಒಂದು ಪಾಲು, ಎರಡನೆಯದರಲ್ಲಿ ಎರಡು. ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೂರು ಪಾಲು. ಅಂದರೆ ಅರ್ಧ ನೀರು ಆ ಎರಡೇ ಗಂಟೆಯಲ್ಲಿ ಬಂದುಬಿಡುತ್ತದೆ. ಆಮೇಲೆ ಎರಡು, ಕೊನೆಗೆ ಒಂದು. ದೋಣಿಯವರು ಬಳಸುವ ಅಂದಾಜು ಇದು. ಕರಾರುವಾಕ್ಕಲ್ಲ, ಆದರೆ ಚಪ್ಪಲಿ ಉಳಿಸಲು ಸಾಕು.

ಚೀಲ ಎಲ್ಲಿಡಬೇಕು

ಮರಳಿನ ಮೇಲೆ ಒಣಗಿದ ಪಾಚಿ, ಕಡ್ಡಿ, ಚಿಪ್ಪಿನ ಚೂರುಗಳು ಉದ್ದಕ್ಕೆ ಗೆರೆ ಎಳೆದ ಹಾಗೆ ಬಿದ್ದಿರುತ್ತವೆ. ಹಿಂದಿನ ಉಬ್ಬರ ಅಲ್ಲಿವರೆಗೆ ಬಂದು ಬಿಟ್ಟುಹೋದ ಗುರುತು ಅದು. ಅದಕ್ಕಿಂತ ಹತ್ತಾರು ಹೆಜ್ಜೆ ಮೇಲೆ ಚೀಲ ಇಡಿ. ಎರಡು ಗೆರೆ ಕಂಡರೆ ಮೇಲಿನದನ್ನೇ ನಂಬಿ.

ಇಳಿತದ ಹೊತ್ತಿನಲ್ಲಿ ಬಂಡೆಗಳ ಕಡೆ

ನನ್ನನ್ನು ಕೇಳಿದರೆ ಇಡೀ ರಜೆಯ ಒಳ್ಳೆಯ ಎರಡು ಗಂಟೆ ಇದೇ. ಇಳಿತ ಬೆಳಿಗ್ಗೆ ಒಂಬತ್ತೂವರೆಗೆ ಅಂತಿಟ್ಟುಕೊಳ್ಳಿ. ಎಂಟಕ್ಕೇ ಬಂಡೆಗಳ ಹತ್ತಿರ ಇರಿ. ಇಳಿಯುವ ನೀರಿನ ಬೆನ್ನಿಗೇ ನಡೆದು ಹೋಗಬೇಕು. ಒಂಬತ್ತೂವರೆಗೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಅದು ಹೊಡೆದ ಮೇಲೆ ದಡದ ಕಡೆಗೆ ಮುಖ. ಬಗ್ಗಿ ನೋಡುತ್ತಾ ಕೂತವರಿಗೆ ಹಿಂದಿನಿಂದ ನೀರು ಸುತ್ತಿಕೊಂಡದ್ದು ಗೊತ್ತಾಗುವುದಿಲ್ಲ.

ಹಿಡಿತವಿರುವ ಶೂ ಹಾಕಿ. ಹಸಿರು, ಕಪ್ಪು ಪಾಚಿ ಕಂಡಲ್ಲಿ ಕಾಲಿಡಬೇಡಿ, ಜಾರುತ್ತದೆ. ನೀರು ನಿಂತ ಒಂದು ಹೊಂಡ ಆರಿಸಿಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ. ಮೊದಲ ಒಂದು ನಿಮಿಷ ಏನೂ ಕಾಣುವುದಿಲ್ಲ. ಮಕ್ಕಳು ‘ಇಲ್ಲೇನೂ ಇಲ್ಲ, ಹೋಗೋಣ’ ಅನ್ನುವುದು ಆಗಲೇ. ಇನ್ನೆರಡು ನಿಮಿಷ ತಡೆಯಿರಿ. ಕಲ್ಲು ಅಂದುಕೊಂಡದ್ದು ನಡೆಯಲು ಶುರು ಮಾಡುತ್ತದೆ. ಅದು ಸನ್ಯಾಸಿ ಏಡಿ, ಯಾರೋ ಬಿಟ್ಟುಹೋದ ಶಂಖವನ್ನು ಮನೆ ಮಾಡಿಕೊಂಡಿರುತ್ತದೆ. ಮರಳಿನ ಬಣ್ಣದ ಪುಟ್ಟ ಮೀನು ಒಂದು ಮೂಲೆಯಿಂದ ಇನ್ನೊಂದಕ್ಕೆ ಚಿಮ್ಮುತ್ತದೆ. ಮುದ್ದೆಯಂತೆ ಬಂಡೆಗೆ ಅಂಟಿಕೊಂಡದ್ದು ನೀರಿನೊಳಗೆ ಹೂವಿನಂತೆ ಅರಳಿದರೆ ಅದು ಸೀ ಅನಿಮೊನ್. ಹೂವಲ್ಲ, ಪ್ರಾಣಿ.

ಬಂಡೆಗೆ ಕವುಚಿ ಹಾಕಿದ ಪುಟ್ಟ ಟೋಪಿಯಂಥ ಚಿಪ್ಪುಗಳನ್ನು ನೋಡಿರುತ್ತೀರಿ. ಅವು ಲಿಂಪೆಟ್‌ಗಳು. ನೀರು ಬಂದಾಗ ಪಾಚಿ ಮೇಯಲು ಹೊರಡುತ್ತವೆ. ಅವುಗಳಲ್ಲಿ ಹಲವು ಜಾತಿಯವು ಮೇದಾದ ಮೇಲೆ ಸರಿಯಾಗಿ ಅದೇ ಜಾಗಕ್ಕೆ ಮರಳುತ್ತವೆ. ಅಲ್ಲಿ ಬಂಡೆಯೇ ಚಿಪ್ಪಿನ ಅಂಚಿಗೆ ಹೊಂದುವಂತೆ ಸವೆದಿರುತ್ತದೆ, ಇಲ್ಲವೇ ಚಿಪ್ಪು ಬಂಡೆಗೆ ಹೊಂದುವಂತೆ ಬೆಳೆದಿರುತ್ತದೆ. ಕಿತ್ತು ನೋಡುವ ಚಪಲ ಬೇಡ. ಕಿತ್ತ ಲಿಂಪೆಟ್ ಸಾಮಾನ್ಯವಾಗಿ ಉಳಿಯುವುದಿಲ್ಲ. ಕಲ್ಲು ಮಗುಚಿದರೆ ಹಾಗೇ ವಾಪಸ್ ಇಡಿ, ಅದರಡಿ ಇರುವುದಕ್ಕೆಲ್ಲ ಅದೇ ಸೂರು. ಬೆಚ್ಚಗಿನ ಕಡಲುಗಳಲ್ಲಿ ಚೆಂದದ ಚಿತ್ತಾರವಿರುವ, ಒಂದು ತುದಿ ಚೂಪಾದ ಶಂಖ ಕಂಡರೆ ಕೈಗೆತ್ತಿಕೊಳ್ಳಬೇಡಿ. ಕೋನ್ ಶಂಖವಾಗಿದ್ದು ಒಳಗೆ ಜೀವವಿದ್ದರೆ ಅದು ವಿಷದ ಮುಳ್ಳು ಚುಚ್ಚುತ್ತದೆ. ಕೆಲವು ಜಾತಿಯದು ಜೀವವನ್ನೇ ತೆಗೆದೀತು.

ನಡೆಯುತ್ತಾ ಕಾಲಡಿ ನೋಡಿ

ಇಳಿತದ ಹೊತ್ತಿನ ಒದ್ದೆ ಮರಳು ನಡೆಯಲು ಹೇಳಿ ಮಾಡಿಸಿದ ಹಾಗಿರುತ್ತದೆ. ಅಲೆ ಈಗಷ್ಟೇ ಬಿಟ್ಟುಹೋದ, ಮಿರಿಮಿರಿ ಹೊಳೆಯುವ ಮರಳಿನ ಮೇಲೆ ನಿಧಾನ ಒಂದು ಹೆಜ್ಜೆ ಊರಿ. ಪಾದದ ಸುತ್ತ ಮರಳು ತಟ್ಟನೆ ಒಣಗಿ ಬೆಳ್ಳಗಾಗುತ್ತದೆ, ಅಲ್ವಾ? ಒತ್ತಿದರೆ ನೀರು ಹೊರಗೆ ಬರಬೇಕು, ಇಲ್ಲಿ ಒಳಗೆ ಹೋಗುತ್ತದೆ. ಅಲೆಗಳು ಮರಳಿನ ಕಾಳುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತವೆ. ನೀವು ತುಳಿದಾಗ ಅವು ಒಂದನ್ನೊಂದು ಹತ್ತಿ ಸರಿಯಬೇಕು. ಆಗ ನಡುವಿನ ಸಂದು ದೊಡ್ಡದಾಗುತ್ತದೆ, ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ. ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಬಿಡಿಸಿ ಹೇಳಿದ. ನಾನಂತೂ ಇದು ಗೊತ್ತಾದ ದಿನ ಅರ್ಧ ಗಂಟೆ ಸುಮ್ನೆ ಹೆಜ್ಜೆ ಊರುತ್ತಾ ನಿಂತಿದ್ದೆ. ನೋಡಿದವರು ಏನಂದುಕೊಂಡರೋ.

ಚಿಪ್ಪು ಆಯುವಾಗ ಡ್ರಿಲ್ಲಿನಿಂದ ಕೊರೆದ ಹಾಗೆ ದುಂಡಗಿನ ತೂತಿರುವುದು ಸಿಗುತ್ತದೆ. ತೂತಿನ ಹೊರಬಾಯಿ ಅಗಲ, ಒಳಕ್ಕೆ ಹೋದಂತೆ ಕಿರಿದಾಗಿದ್ದರೆ ಅದು ಮೂನ್ ಸ್ನೇಲ್ ಎಂಬ ಬಸವನಹುಳುವಿನ ಕೆಲಸ. ಚಿಪ್ಪಿನ ಮೇಲೆ ಕೂತು ಕೊರೆದು, ಒಳಗಿದ್ದುದನ್ನು ತಿಂದು ಹೋಗಿದೆ. ದಾರ ಪೋಣಿಸಲು ಸಿದ್ಧ ಮಣಿ. ಚಿಪ್ಪು ಚೀಲಕ್ಕೆ ಹಾಕುವ ಮೊದಲು ಒಳಗೆ ಯಾರಾದರೂ ಇದ್ದಾರಾ ನೋಡಿ. ಕೆಲವು ತೀರಗಳಲ್ಲಿ ಖಾಲಿ ಚಿಪ್ಪನ್ನೂ ಒಯ್ಯುವಂತಿಲ್ಲ, ಬೋರ್ಡ್ ಓದಿ.

ಮರಳಿನ ಕೋಟೆ ನಿಲ್ಲಿಸುವುದು

ಹೆಚ್ಚಿನವರ ಕೋಟೆ ಬೀಳುವುದು ನೀರು ಜಾಸ್ತಿಯಾಗಿ ಅಥವಾ ಒತ್ತುವುದು ಕಡಿಮೆಯಾಗಿ. ಕಾಳುಗಳ ನಡುವೆ ತೆಳ್ಳಗೆ ಅಂಟಿದ ನೀರೇ ಮರಳನ್ನು ಹಿಡಿದಿಡುವ ಗಾರೆ. ನೀರು ತುಂಬಿಹೋದರೆ ಆ ಹಿಡಿತ ಬಿಡುತ್ತದೆ. ಎಂಟು ಬಕೆಟ್ ಒಣ ಮರಳಿಗೆ ಒಂದು ಬಕೆಟ್ ನೀರು, ಅದು ಅಂದಾಜು. ಮುಷ್ಟಿಯಲ್ಲಿ ಉಂಡೆ ಕಟ್ಟಿ ನೋಡಿ. ಅಂಗೈ ಬಿಚ್ಚಿದಾಗ ಉಂಡೆ ಉಳಿಯಬೇಕು, ಬೆರಳಿಗೆ ನೀರು ಇಳಿಯಬಾರದು.

ತಳ ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಬಕೆಟ್ ಮನೆಯಿಂದಲೇ ಒಯ್ಯಿರಿ. ಅಗಲದ ಬಾಯಿ ಕೆಳಗೆ ಬರುವಂತೆ ಇಟ್ಟು, ನಾಲ್ಕು ಬೆರಳು ದಪ್ಪ ಮರಳು ಹಾಕಿ, ಮುಷ್ಟಿಯಿಂದ ಗುದ್ದಿ. ಮತ್ತೆ ನಾಲ್ಕು ಬೆರಳು, ಮತ್ತೆ ಗುದ್ದು. ತುಂಬಿದ ಮೇಲೆ ಬಕೆಟ್ ಅಲ್ಲಾಡಿಸಿ ಮೇಲೆತ್ತಿ. ಗಟ್ಟಿ ಕಂಬ ನಿಂತಿರುತ್ತದೆ. ಈಗ ಚಮಚದಿಂದ ಮೇಲಿನಿಂದ ಕೆಳಗೆ ಕೆತ್ತುತ್ತಾ ಬನ್ನಿ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಪುಡಿಯೆಲ್ಲ ಕೆತ್ತಿದ್ದರ ಮೇಲೇ ಬೀಳುತ್ತದೆ. ಉಬ್ಬರ ಶುರುವಾಗುವ ಹೊತ್ತಿಗೆ ಪಾಚಿಯ ಗೆರೆಗಿಂತ ಸ್ವಲ್ಪ ಕೆಳಗೆ ಕಟ್ಟಿದರೆ ಮಕ್ಕಳಿಗೆ ಇನ್ನೊಂದು ಮಜಾ. ಅಲೆಗೂ ಕೋಟೆಗೂ ನಡೆಯುವ ಯುದ್ಧ ಕೂತು ನೋಡಬಹುದು.

ನೀರಿಗೆ ಇಳಿಯುವ ಮುನ್ನ ಹತ್ತು ನಿಮಿಷ

ಇದೊಂದರಲ್ಲಿ ಅವಸರ ಬೇಡ. ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಯಿರಿ. ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಈಜಬಹುದು. ಬರೀ ಕೆಂಪು ಇದ್ದರೆ ಬೇಡ. ನೇರಳೆ ಬಾವುಟವೆಂದರೆ ನೀರಲ್ಲಿ ಜೆಲ್ಲಿಫಿಶ್‌ನಂಥ ಕುಟುಕುವ ಜೀವಿಗಳಿವೆ ಎಂದರ್ಥ. ದಡಕ್ಕೆ ಬಿದ್ದ ಸತ್ತ ಜೆಲ್ಲಿಫಿಶ್ ಕೂಡ ಕುಟುಕುತ್ತದೆ, ಕಾಲಿನಿಂದ ತಿವಿಯಬೇಡಿ.

ಈಗ ಸ್ವಲ್ಪ ಎತ್ತರದಲ್ಲಿ ನಿಂತು ಅಲೆಗಳನ್ನು ನೋಡಿ. ಎಲ್ಲ ಕಡೆ ಬಿಳಿ ನೊರೆ ಒಡೆಯುತ್ತಿದ್ದು, ನಡುವೆ ಒಂದು ಓಣಿ ಮಾತ್ರ ಶಾಂತವಾಗಿ, ಗಾಢ ಬಣ್ಣದಲ್ಲಿ ಕಾಣುತ್ತಿದೆಯಾ? ಅಥವಾ ಕೆಸರು ನೀರು, ನೊರೆ ಅಲ್ಲಿಂದ ಒಳಗಡಲಿಗೆ ಹೋಗುತ್ತಿದೆಯಾ? ಅದೇ ರಿಪ್ ಕರೆಂಟ್. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ. ಹೊಸಬರು ‘ಇಲ್ಲಿ ಅಲೆ ಕಡಿಮೆ, ಮಕ್ಕಳಿಗೆ ಒಳ್ಳೆಯದು’ ಎಂದು ಇಳಿಯುವುದು ಬಹಳ ಸಲ ಅಲ್ಲಿಗೇ. ಬಹಳಷ್ಟು ತೀರಗಳಲ್ಲಿ ಇಳಿತದ ಆಸುಪಾಸಿನಲ್ಲಿ ಇದರ ಸೆಳೆತ ಜೋರು.

ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬೇಡಿ. ಜೋರಾದ ರಿಪ್ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ, ಒಲಿಂಪಿಕ್ ಈಜುಗಾರನಿಗೂ ಅದು ಕಷ್ಟ. ಅದು ನಿಮ್ಮನ್ನು ಆಚೆಗೆ ಒಯ್ಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ. ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಕೈಯೆತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಒಡೆಯುವ ಕಡೆ ತಲುಪಿದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ನೀವೂ ಹಾರಬೇಡಿ. ತೇಲುವ ವಸ್ತು ಏನಾದರೂ ಎಸೆಯಿರಿ, ಲೈಫ್‌ಗಾರ್ಡ್‌ನ ಕರೆಯಿರಿ.

ನಡುಹಗಲು ನೆರಳಿಗೆ

ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಸುಡುವಷ್ಟಿದೆ ಎಂದರ್ಥ. ಮೋಡವಿದ್ದರೂ ನಂಬಬೇಡಿ. ಮರಳು, ನೊರೆ ಎರಡೂ ಬಿಸಿಲನ್ನು ವಾಪಸ್ ಎಸೆಯುವುದರಿಂದ ಛತ್ರಿಯಡಿ ಕೂತವರೂ ಸುಡುತ್ತಾರೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ. ಪಾದದ ಮೇಲ್ಭಾಗ ಮತ್ತು ಕಿವಿ, ಎಲ್ಲರೂ ಮರೆಯುವ ಜಾಗ. ಆಮೇಲೆ ಮಲಗಿ, ಪುಸ್ತಕ ಓದಿ, ಏನೂ ಮಾಡದೆ ಕೂರಿ. ಅದಕ್ಕೆ ಹಂತಗಳಿಲ್ಲ.

ಸಂಜೆ, ಆಮೇಲಿನ ಕತ್ತಲು

ತೀರ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಸೂರ್ಯಾಸ್ತ ಕಡಲಲ್ಲಿ, ಪೂರ್ವಕ್ಕಾದರೆ ಬೇಗ ಏಳಬೇಕು. ಮುಳುಗಲು ಎಷ್ಟು ಹೊತ್ತಿದೆ ಎಂದು ತಿಳಿಯಲು ಕೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಅಡ್ಡಕ್ಕೆ ಹಿಡಿದು, ಕಡಲಿನ ಅಂಚಿಗೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಣಿಸಿ. ಬೆರಳಿಗೆ ಸುಮಾರು ಕಾಲು ಗಂಟೆ. ನೇರ ಸೂರ್ಯನನ್ನೇ ದಿಟ್ಟಿಸಬೇಡಿ. ನಿಮ್ಮ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದ್ದರೆ ಆ ಅಂಚು ಬರೀ ನಾಲ್ಕೂವರೆ ಕಿಲೋಮೀಟರ್ ದೂರ. ಅಷ್ಟೇನಾ ಅನ್ನಿಸುತ್ತದೆ. ಮುಳುಗುತ್ತಿದ್ದಂತೆ ಎಲ್ಲರೂ ಎದ್ದು ಬಟ್ಟೆ ಕೊಡವುತ್ತಾರೆ. ನೀವು ಇನ್ನೂ ಇಪ್ಪತ್ತು ನಿಮಿಷ ಕೂರಿ, ಆಕಾಶದ ಒಳ್ಳೆಯ ಬಣ್ಣ ಬಹಳ ಸಲ ಬರುವುದು ಆಗಲೇ.

ಚಂದ್ರನಿಲ್ಲದ ರಾತ್ರಿ, ದೀಪಗಳಿಂದ ದೂರ, ಅಲೆ ಒಡೆಯುವ ಕಡೆ ಕಣ್ಣಿಟ್ಟು ನೋಡಿ. ನಾಕ್ಟಿಲೂಕಾದಂಥ ಸೂಕ್ಷ್ಮಜೀವಿಗಳು ತುಂಬಿದ್ದರೆ ನೀರು ಕಲಕಿದಲ್ಲೆಲ್ಲ ನೀಲಿ ಬೆಳಕು. ಕಣ್ಣು ಕತ್ತಲಿಗೆ ಹೊಂದಲು ಕಾಲು ಗಂಟೆ ಬೇಕು, ಟಾರ್ಚ್ ಆರಿಸಿ. ಎಲ್ಲ ಕಡೆಯೂ ಎಲ್ಲ ದಿನವೂ ಕಾಣುವುದಲ್ಲ. ಕಂಡರೆ ಅದೃಷ್ಟ.

ರೂಮಿಗೆ ಬಂದ ಮೇಲೆ ಕಾಲಿನ ಮರಳು ಒಣಗುವವರೆಗೆ ಬಾಗಿಲ ಹೊರಗೇ ನಿಲ್ಲಿ, ಒಣಗಿದ ಮೇಲೆ ಕೊಡವಿದರೆ ತಾನೇ ಉದುರುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ, ಕನ್ನಡಕ, ಚೀಲದ ಜಿಪ್ಪು, ಎಲ್ಲವನ್ನೂ ಒರೆಸಿ, ಉಪ್ಪು ಹಿಡಿದರೆ ಬಿಡುವುದಿಲ್ಲ. ಮಲಗುವ ಮುಂಚೆ ಅಲಾರಂ ಬದಲಿಸಿ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಒಂಬತ್ತೂವರೆ ಇದ್ದದ್ದು ನಾಳೆ ಹತ್ತು ಇಪ್ಪತ್ತು. ಬಂಡೆಗೆ ಹೋಗುವ ಮೊದಲು ತಿಂಡಿಗೂ ಹೊತ್ತು ಸಿಕ್ಕಿತು.