ಕಪ್ಪು ಅಂಗಿಯ ಮೇಲೆ ಬಣ್ಣದ ವೇಷ: ಲೇಸರ್ ಫಿಲ್ಮ್‌ನಲ್ಲೇ ಆಯ್ತು

ಕಪ್ಪು ಟೀ ಶರ್ಟ್ ಮೇಲೆ ಯಕ್ಷಗಾನದ ಬಣ್ಣದ ವೇಷವನ್ನು (ರಾಕ್ಷಸ ಪಾತ್ರದ ವೇಷ) ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಫೋಟೊದ ಹಾಗೆ ಹಾಕುತ್ತೇನೆ, ಅದೂ ಆಫೀಸ್ ಲೇಸರ್ ಪ್ರಿಂಟರ್‌ನ ಫಿಲ್ಮ್‌ನಲ್ಲಿ ಅಂದಾಗ ಕಾಸರಗೋಡಿನ ನಮ್ಮ ಲೈನಿನವರು ಯಾರೂ ನಂಬಲಿಲ್ಲ. ‘ಮಂಗಳೂರಲ್ಲಿ ಫಿಲ್ಮ್ ತೆಗೆಸು ಮಾರಾಯ, ಇಲ್ಲಾಂದ್ರೆ ಡಿಟಿಎಫ್ ಹಾಕಿ ಕೊಡು’ ಅಂದರು. ಡಿಟಿಎಫ್ ಅಂದರೆ ಚಿತ್ರವನ್ನು ಫಿಲ್ಮ್ ಮೇಲೆ ಬಣ್ಣದಲ್ಲೇ ಪ್ರಿಂಟ್ ಮಾಡಿ ಬಿಸಿಯಲ್ಲಿ ಬಟ್ಟೆಗೆ ಅಂಟಿಸುವುದು. ಕಳೆದ ಸೀಸನ್ನಿನಲ್ಲಿ ನೂರೈವತ್ತರಷ್ಟು ಅಂಗಿ ಹಾಕಿ ಕೊಟ್ಟೆ. ಅವರೇ ಈಗ ಫೈಲ್ ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ.

ಸತಾಯಿಸಿದ್ದು ರಿಜಿಸ್ಟ್ರೇಶನ್, ಅಂದರೆ ಬಣ್ಣಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದು. ಅಂಡರ್‌ಬೇಸ್ (ಬಣ್ಣಗಳ ಅಡಿಗೆ ಹಾಕುವ ಬಿಳಿ), ಹಳದಿ, ಕೆಂಪು, ಹಸಿರು, ಹೈಲೈಟ್ ಬಿಳಿ ಸೇರಿ ಐದು ಫಿಲ್ಮ್, ಒಂದೊಂದರಿಂದ ಒಂದೊಂದು ಸ್ಕ್ರೀನ್. ಕಪ್ಪಿಗೆ ಅಂಗಿಯೇ ಸಾಕು. ಡಿಸೈನ್ ಮಾಡುವ ಕೋರಲ್ ಸಾಫ್ಟ್‌ವೇರ್‌ನಲ್ಲಿ ಜೋಡಿಸುವ ಮಾರ್ಕ್‌ಗಳು ಸರಿಯಾಗೇ ಇದ್ದವು. ಫಿಲ್ಮ್ ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಹತ್ತಿರ ಆಚೀಚೆ! ಪ್ರಿಂಟರ್‌ನಲ್ಲಿ ಟೋನರ್ ಕರಗಿಸಿ ಅಂಟಿಸುವ ಫ್ಯೂಸರ್‌ನ ಬಿಸಿಗೆ ಫಿಲ್ಮ್ ಕುಗ್ಗುತ್ತದೆ, ಒಂದೊಂದು ಒಂದೊಂದು ಥರ. ತಿರುಪ್ಪೂರಿನ ಅಂಗಿ, ತಲಾ ₹120 ಇರಬೇಕು, ಮೂವತ್ತರಷ್ಟು ಹಾಳಾಯಿತು. ಮೂರೂವರೆ ಸಾವಿರ ನೀರಲ್ಲಿ ಹೋಮ. ಈಗ ಖಾಲಿ ಫಿಲ್ಮನ್ನು ಒಮ್ಮೆ ಸುಮ್ನೆ ಪ್ರಿಂಟರ್‌ನಲ್ಲಿ ಓಡಿಸಿ, ತಣ್ಣಗಾದ ಮೇಲೆ ಪ್ರಿಂಟ್ ತೆಗೆಯುತ್ತೇನೆ. ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ. ಐದನ್ನೂ ಒಂದೇ ದಿಕ್ಕಿನಲ್ಲಿ, ಒಂದೇ ಸಲಕ್ಕೆ ತೆಗೆಯಬೇಕು.

ಹಾಫ್‌ಟೋನ್ (ಛಾಯೆಯನ್ನು ಸಣ್ಣ ದೊಡ್ಡ ಡಾಟ್‌ಗಳಾಗಿ ಒಡೆಯುವುದು) ಇಂಚಿಗೆ 45 ಲೈನ್, 22.5 ಡಿಗ್ರಿ, ಎಲ್ಲ ಬಣ್ಣಕ್ಕೂ ಅದೇ ಆಂಗಲ್. ಸ್ಕ್ರೀನ್ ಬಟ್ಟೆಯ ಮೆಶ್ 77 (ಸೆಂಟಿಮೀಟರಿಗೆ ಎಳೆ). 55 ಲೈನ್‌ಗೆ ಏರಿಸಿ ನೋಡಿದೆ, 600 ಡಿಪಿಐ ಲೇಸರ್ ಸಣ್ಣ ಡಾಟ್‌ಗಳನ್ನು ನುಂಗಿಬಿಟ್ಟಿತು. 50 ಪರ್ಸೆಂಟ್ ಡಾಟ್ ಬಟ್ಟೆಯ ಮೇಲೆ ಇಂಕ್ ಹರಡಿ 70ರ ಹತ್ತಿರ ಬೀಳುತ್ತದೆ. ಹಾಗಾಗಿ ಫೋಟೊಶಾಪ್ ಕರ್ವ್‌ನಲ್ಲಿ ಮಿಡ್‌ಟೋನನ್ನು (ನಡುವಿನ ಛಾಯೆಯನ್ನು) ಮೊದಲೇ ಇಳಿಸಿ. ಕೆಂಪಿಗೆ ನನ್ನದು ಬೇರೆಯೇ ಕರ್ವ್. ಅದನ್ನು ಮಾತ್ರ ಕೇಳಬೇಡಿ.

ವಾಟ್ಸಾಪ್ ಫೋಟೊ ಬೇಡವೇ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 1600 ಪಿಕ್ಸೆಲ್ ಬಂದರೆ 12 ಇಂಚಿನ ಪ್ರಿಂಟಿನಲ್ಲಿ ಇಂಚಿಗೆ 130ರ ಮೇಲೆ ಸಿಗುತ್ತದೆ, 45 ಲೈನ್‌ಗೆ ಅದರ ದುಪ್ಪಟ್ಟು, 90 ಸಾಕು. ಅಕ್ಷರ ಮಾತ್ರ ವೆಕ್ಟರ್ (ಪಿಕ್ಸೆಲ್ ಅಲ್ಲ, ಗೆರೆಯ ಆಕಾರ) ಆಗಿರಲೇಬೇಕು. ನುಡಿ ಫಾಂಟ್ ಇದ್ದರೆ ಕರ್ವ್ಸ್ ಮಾಡಿಯೇ, ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿಯೇ ಫೈಲ್ ಕಳಿಸಿ. ಒತ್ತಕ್ಷರದ ಹೊಟ್ಟೆ, ಮಲಯಾಳಂ ಸುರುಳಿ ಎರಡೂ ಇಂಕ್‌ಗೆ ಮುಚ್ಚಿಹೋಗುತ್ತವೆ. ಒಳಗಿನ ತೂತುಗಳನ್ನು ನೋಡ್ ಹಿಡಿದು ದೊಡ್ಡದು ಮಾಡುತ್ತೇನೆ.

ಬಿಳಿ ಹೊರಗೆ ಇಣುಕದ ಹಾಗೆ ಅಂಡರ್‌ಬೇಸ್‌ನ ಅಂಚು ಒಂದು ಪಾಯಿಂಟ್ ಒಳಕ್ಕೆ. ಆದರೆ ಮುಖದ ಚಿಟ್ಟಿಗೆ (ಮುಖದ ಮೇಲಿನ ಬಿಳಿ ಚುಕ್ಕಿಗಳ ಸಾಲಿಗೆ) ಅಂಡರ್‌ಬೇಸ್ ಬಿಳಿ ಸಾಲದು. ಅಕ್ಕಿಹಿಟ್ಟಿನ ಆ ಬಿಳಿ ಸಾಲುಗಳು ಎದ್ದು ಕಾಣದಿದ್ದರೆ ನಮ್ಮೂರಲ್ಲಿ ಬಣ್ಣದ ವೇಷ ಅಂತ ಯಾರು ಒಪ್ಪುತ್ತಾರೆ? ಅದಕ್ಕೇ ಹೈಲೈಟ್ ಬಿಳಿ ಬೇರೆ, ಕೊನೆಯ ಸ್ಕ್ರೀನ್, ಹಾಫ್‌ಟೋನ್ ಇಲ್ಲದೆ ಸಾಲಿಡ್. ಚಿಟ್ಟಿಯ ಒಂದೊಂದು ಚುಕ್ಕಿಯನ್ನೂ ಕೋರಲ್‌ನಲ್ಲಿ ಕೈಯಾರೆ ಇಟ್ಟೆ. ಆಟೋ ಟ್ರೇಸ್‌ನಿಂದ ಈ ಕೆಲಸ ಆಗುವುದಿಲ್ಲ. ಇಡೀ ಅಂಗಿಯಲ್ಲಿ ನನಗೆ ಅತಿ ಹೆಮ್ಮೆಯದು ಅದೇ.

ಮಧ್ಯದಲ್ಲಿ ಫಿಲ್ಮ್ ಬದಲು ಸಾದಾ ಕಾಗದದ ಪ್ರಿಂಟಿಗೆ ತೆಂಗಿನೆಣ್ಣೆ ಸವರಿ, ಸ್ಕ್ರೀನನ್ನು ಬೆಳಕಿಗೆ ಎಕ್ಸ್‌ಪೋಸ್ ಮಾಡಿ ನೋಡಿದೆ. ದಪ್ಪ ಅಕ್ಷರಕ್ಕೆ ಚೆನ್ನಾಗೇ ಬಂತು, ಕ್ಲಬ್ಬಿನ ಹೆಸರಿನಂಥ ಕೆಲಸಕ್ಕೆ ಈಗಲೂ ಬಳಸುತ್ತೇನೆ. ಡಾಟ್ ನಿಲ್ಲುವುದಿಲ್ಲ, ಎಣ್ಣೆ ಜಾಸ್ತಿಯಾದರೆ ಸ್ಕ್ರೀನಿಗೆ ಬಳಿದ ಎಮಲ್ಶನ್‌ಗೂ (ಬೆಳಕಿಗೆ ಗಟ್ಟಿಯಾಗುವ ಲೇಪಕ್ಕೂ) ಹತ್ತುತ್ತದೆ.

ಹೊರಗೆ ತೆಗೆಸಿದರೆ ಫಿಲ್ಮ್‌ಗೆ ₹150 ಹತ್ತಿರ, ಜೊತೆಗೆ ಬಸ್ಸು, ಅರ್ಧ ದಿನ. ಇಲ್ಲಿ ಟೋನರ್ ಸೇರಿ ₹30 ಒಳಗೆ. ಈಗ ಒಂದು ತೆಯ್ಯಂ (ಉತ್ತರ ಕೇರಳದ ದೈವದ ಕೋಲ) ಫೋಟೊ ಹಿಡಿದಿದ್ದೇನೆ, ಕೆಂಪಿನೊಳಗೇ ಮೂರು ಥರದ ಕೆಂಪು. ಎರಡೇ ಕೆಂಪು ಸ್ಕ್ರೀನ್‌ನಲ್ಲಿ ಮುಗಿಸುತ್ತೇನೆ.