ಮದುವೆ ಕಾರ್ಡಿನ ಚೆಂಡು, ಜ್ಯೂಸ್ ಡಬ್ಬಿಯ ನಕ್ಷತ್ರ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಗಿಡಕ್ಕೆ ತೂಗುಹಾಕುವುದನ್ನೆಲ್ಲ ನಾವೇ ಮಾಡುತ್ತೇವೆ. ನಿಯಮ ಒಂದೇ: ಹಳೇ ಸಾಮಾನು ಚಂದ ಕಾಣಲಿ ಅಂತ ಹೊಸದನ್ನು ಕೊಂಡು ತರಬಾರದು. ಅಂಟಿಗೆ ಮಾತ್ರ ವಿನಾಯಿತಿ. ಮೊಟ್ಟೆ ಚಿಪ್ಪಿಗೆ ಅಂಗಡಿಯ ಗ್ಲಿಟರ್ ಬಳಿದರೆ ಏನು ಉಳಿಸಿದ ಹಾಗಾಯ್ತು? ಅದೂ ಪ್ಲಾಸ್ಟಿಕ್ ಪುಡಿಯೇ ಅಲ್ವಾ. ಹೊಳಪು ಮನೆಯಲ್ಲೇ ಬೇಕಾದಷ್ಟಿದೆ.

ಮದುವೆ ಕಾರ್ಡಿನಷ್ಟು ಒಳ್ಳೆ ಸಾಮಾನು ಬೇರೆ ಇಲ್ಲ. ದಪ್ಪ ಕಾಗದ, ಚಿನ್ನದ ಬಣ್ಣದ ಅಚ್ಚು. ದೇವರ ಚಿತ್ರ ಇರುತ್ತದೆಂದು ಅದನ್ನು ಕಸಕ್ಕೆ ಹಾಕಲು ತುಂಬಾ ಜನರಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಅಕ್ಕಪಕ್ಕದವರು ನನಗೇ ತಂದುಕೊಡುತ್ತಾರೆ. ಚಿತ್ರವಿರುವ ಭಾಗಕ್ಕೆ ಕತ್ತರಿ ತಾಗಿಸದೆ ಬೇರೆ ತೆಗೆದಿಡುತ್ತೇನೆ.

ಚೆಂಡು ಮಾಡಲು ಚಿಕ್ಕ ಮಕ್ಕಳ ಬಳೆಯನ್ನು ಕಾರ್ಡಿನ ಮೇಲಿಟ್ಟು 20 ವೃತ್ತ ಎಳೆದು ಕತ್ತರಿಸುತ್ತೇನೆ. ಅದೇ ಅಳತೆಯಲ್ಲಿ ತೆಳು ಕಾಗದದ ಒಂದು ವೃತ್ತ. ಅದನ್ನು ಎರಡು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ನಡುಮಧ್ಯ ಸಿಗುತ್ತದೆ. ಮೂರು ಕಡೆಯಿಂದ ಅಂಚನ್ನು ಆ ಮಧ್ಯಕ್ಕೆ ಮುಟ್ಟುವಂತೆ ಮಡಚಿದರೆ ಮೂರೂ ಬದಿ ಸಮನಾದ ತ್ರಿಕೋನ ಆಗುತ್ತದೆ. ಅದನ್ನು ಪ್ರತಿ ವೃತ್ತದ ಅಚ್ಚಿನ ಬದಿಯಲ್ಲಿಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಸುತ್ತ ಗೀರಿ, ಅಂಚುಗಳನ್ನು ಮೇಲಕ್ಕೆ ಮಡಚಬೇಕು. ಐದು ವೃತ್ತಗಳನ್ನು ಅಂಚಿಗೆ ಅಂಚು ಅಂಟಿಸಿದರೆ ಮೇಲಿನ ಟೋಪಿ, ಇನ್ನೈದರಲ್ಲಿ ಕೆಳಗಿನದು. ಉಳಿದ ಹತ್ತನ್ನು ಒಂದು ನೇರ, ಒಂದು ತಲೆಕೆಳಗು ಹೀಗೆ ಸಾಲಾಗಿ ಅಂಟಿಸಿದರೆ ನಡುವಿನ ಪಟ್ಟಿ. ಟೋಪಿಯ ನೆತ್ತಿಗೆ ದಾರ ಪೋಣಿಸಿ ಗಂಟು ಹಾಕಿದ ಮೇಲೇ ಮೂರನ್ನೂ ಜೋಡಿಸುವುದು. ಅಂಟು ಒಣಗುವ ತನಕ ಬಟ್ಟೆ ಕ್ಲಿಪ್ ಹಾಕಿಡಿ. ಮೈದಾ ಅಂಟು ಬೇಡ, ನಮ್ಮ ಕರಾವಳಿಯ ತೇವಕ್ಕೆ ಬೂಸಲು ಬರುತ್ತದೆ, ಜಿರಲೆಯೂ ಬರುತ್ತದೆ.

ಜ್ಯೂಸಿನ ಟೆಟ್ರಾ ಪ್ಯಾಕ್ ಇದೆಯಲ್ಲ, ಅದರಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಒಂದಕ್ಕೊಂದು ಅಂಟಿರುತ್ತವೆ. ಬೇರ್ಪಡಿಸುವುದು ಕಷ್ಟ. ನನಗೆ ಬೇಕಾದ್ದು ಒಳಗಿನ ಬೆಳ್ಳಿ ಬಣ್ಣ. ಬಿಡಿಸಿ, ಸೋಪು ಹಾಕಿ ತೊಳೆದು, ಒಣಗಿಸಿ, ಮಡಚಿದ ಹಳೇ ಟವೆಲ್ ಮೇಲೆ ಹಾಸುತ್ತೇನೆ. ಅದೇ ಖಾಲಿ ಪೆನ್ನಿನಿಂದ ಒತ್ತಿ ಗೆರೆ, ಚುಕ್ಕಿ ಬಿಡಿಸಿದರೆ ಬೆಳಕು ಆ ಗೆರೆಗಳಲ್ಲಿ ಮಿನುಗುತ್ತದೆ. ನಕ್ಷತ್ರದ ಆಕಾರಕ್ಕೆ ಕತ್ತರಿಸಿ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮೇಲೆ ಕಟ್ಟುತ್ತೇವೆ. ನನಗಂತೂ ಅಂಗಡಿಯ ನಕ್ಷತ್ರಕ್ಕಿಂತ ಇದೇ ಇಷ್ಟ.

ಮೊಟ್ಟೆ ಚಿಪ್ಪು ಸುಲಭ. ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಒಳಗಿನದ್ದನ್ನು ಊದಿ ತೆಗೆದು, ತೊಳೆದು ಒಣಗಿಸಿ. ಹಳೇ ಸೀರೆಯ ಜರಿ ಅಂಚು ಸುತ್ತಿದರೆ ಸಾಕು. ಹಾಳಾದ ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟ್ ಮಾತ್ರ ಮುಟ್ಟಬೇಡಿ, ಒಳಗೆ ಪಾದರಸ ಇರುತ್ತದೆ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬ, ಜನವರಿ 6, ಕಳೆದ ಮೇಲೆ ಎಲ್ಲ ಇಳಿಸುತ್ತೇವೆ. ಮಳೆಗಾಲ ದಾಟಿಸುವುದೇ ದೊಡ್ಡ ಕೆಲಸ. ಚೆಂಡು, ನಕ್ಷತ್ರ ಬಿಸ್ಕತ್ತಿನ ತಗಡಿನ ಡಬ್ಬಿಗೆ, ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಚಿಪ್ಪುಗಳು ಮೊಟ್ಟೆ ಟ್ರೇಗೆ. ಅವುಗಳಲ್ಲಿ ಕೆಲವು ಒಡೆಯುತ್ತವೆ. ಡಿಸೆಂಬರಿನಲ್ಲಿ ಕೇಕ್ ಮಾಡುವಾಗ ಹೊಸವು ಸಿಗುತ್ತವಲ್ಲ.