ಪಿಟೀಲು ಪೆಟ್ಟಿಗೆಗೆ ಗಟ್ಟಿ ಫೋಮೇ ಸರಿ: ನನ್ನ ಅನುಭವ

ಬೆರಳೊತ್ತಿದರೆ ತಗ್ಗದ ಎಕ್ಸ್‌ಪಿಎಸ್ (ಥರ್ಮೋಕೋಲ್ ಜಾತಿಯದೇ, ಇನ್ನೂ ಗಟ್ಟಿಯಾದ ಫೋಮ್) ಹಲಗೆಯಲ್ಲಿ ಪಿಟೀಲು ಇಡುವುದೇ ಎಂದು ಜೊತೆಯವರು ನಂಬಲಿಲ್ಲ. ಅದರಲ್ಲಿ ನಾನೇ ಕಟ್ಟಿದ ಪೆಟ್ಟಿಗೆಯನ್ನು ಸೊಂಟದೆತ್ತರದಿಂದ ನಾಲ್ಕು ಸಲ ಬೀಳಿಸಿದ್ದೇನೆ. ಒಳಗಿದ್ದ ಹಳೆ ಪಿಟೀಲಿನ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕೂಡ ಅಲುಗಿಲ್ಲ.

ಮೊದಲ ಪೆಟ್ಟಿಗೆ 6 ಮಿ.ಮೀ. ಪ್ಲೈವುಡ್, ಒಳಗೆ ಸೋಫಾ ಸ್ಪಂಜು. ತೂಕ ಸುಮಾರು 4 ಕೆ.ಜಿ. ಬಿದ್ದಾಗ ಸ್ಪಂಜು ಪೂರ್ತಿ ಅಮುಕಿ ಪಿಟೀಲಿನ ಬೆನ್ನು ತಳಕ್ಕೆ ಬಡಿಯಿತು. ವರ್ಷಗಳು ಕಳೆದಂತೆ ಆ ಸ್ಪಂಜು ಪುಡಿಯಾಗಿ ವಾರ್ನಿಷ್‌ಗೆ ಮೆತ್ತಿಕೊಳ್ಳುತ್ತದೆ ಕೂಡ. ಎರಡನೆಯದರಲ್ಲಿ ಥರ್ಮೋಕೋಲ್‌ಗೆ ರಬ್ಬರ್ ಅಂಟು ಹಚ್ಚಿದೆ, ಹಚ್ಚಿದಲ್ಲೆಲ್ಲ ಗುಂಡಿ ಬಿತ್ತು. ಹೆಚ್ಚು ಹಣ ಹೋಗಿದ್ದು ಮೂರನೆಯದಕ್ಕೆ: ಎಕ್ಸ್‌ಪಿಎಸ್ ಮೇಲೆ ಗಾಜಿನ ಬಟ್ಟೆ (ಫೈಬರ್‌ಗ್ಲಾಸ್) ಹಾಸಿ ಪಾಲಿಯೆಸ್ಟರ್ ರೆಸಿನ್ ಸುರಿದೆ. ಅದರಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಹಲಗೆಯನ್ನೇ ಕರಗಿಸಿತು. ಎಪಾಕ್ಸಿ ರೆಸಿನ್ ದುಬಾರಿ, ಆದರೆ ಫೋಮ್ ತಿನ್ನುವುದಿಲ್ಲ.

ಈಗಿನದು: ಪಕ್ಕಗಳಿಗೆ 30 ಮಿ.ಮೀ. ಎಕ್ಸ್‌ಪಿಎಸ್, ತಳಕ್ಕೂ ಮುಚ್ಚಳಕ್ಕೂ 3 ಮಿ.ಮೀ. ಪ್ಲೈವುಡ್, ಹೊರಗೆ ಒಂದು ಪದರ ಗಾಜಿನ ಬಟ್ಟೆ. ತೂಕ ಎರಡೂಕಾಲು ಕೆ.ಜಿ. ಆಸುಪಾಸು. ಪೂರ್ತಿ ಮುಚ್ಚಿದ ಡಬ್ಬಿಯಾಗಿ ಕಟ್ಟಿ, ಒಣಗಿದ ಮೇಲೆ ಗರಗಸದಿಂದ ಮುಚ್ಚಳ ಬೇರ್ಪಡಿಸಿದರೆ ಅಂಚು ತಾನಾಗಿ ಕೂಡುತ್ತದೆ.

ಪಿಟೀಲನ್ನು ಹೊರುವುದು ಎರಡೇ ಇವಿಎ (ರಬ್ಬರಿನಂತೆ ಬಾಗುವ ಫೋಮ್) ದಿಮ್ಮಿ: ಕತ್ತು ಸೇರುವ ಕಡೆ ಒಂದು, ಬುಡದಲ್ಲಿ ಒಂದು. ಪಿಟೀಲಿನ ಒಳಗೆ ಮರದ ಬ್ಲಾಕ್ ಇರುವುದು ಅಲ್ಲೇ, ಪೆಟ್ಟು ತಡೆಯುವ ಜಾಗವೂ ಅದೇ. ನಡುಬೆನ್ನು ತಳದಿಂದ 8 ಮಿ.ಮೀ. ಮೇಲೆ, ತಲೆಯ ಸುರುಳಿ ಎಲ್ಲೂ ತಾಗಬಾರದು, ಕುದುರೆಯ ಮೇಲೆ ಬೆರಳಗಲ ಜಾಗ. ಕತ್ತಿಗೆ ವೆಲ್ಕ್ರೋ ಪಟ್ಟಿ. ದಿಮ್ಮಿಯ ಇಳಿಜಾರು ಎಷ್ಟೆಂದು ಮಾತ್ರ ಹೇಳುವುದಿಲ್ಲ, ಅದು ಹನ್ನೊಂದು ಸಲ ಕೊಯ್ದು ಸಿಕ್ಕಿದ್ದು.

ಈ ಪ್ರಯೋಗಗಳ ನಡುವೆ ಒಮ್ಮೆ ರಟ್ಟಿನ ಪದರಗಳನ್ನು ಅಡ್ಡಡ್ಡ ಅಂಟಿಸಿಯೂ ನೋಡಿದೆ. ಬಿಗಿತ ಅದ್ಭುತ, ತೇವ ತಾಗಿದ ವಾರದಲ್ಲೇ ಜೋಲುಬಿತ್ತು.

ಅಸ್ತರಿಗೆ ಹತ್ತಿ ಮಖಮಲ್. ವಿನೈಲ್ ಬೇಡ, ಅದರ ಮೃದುಕಾರಿ ವಾರ್ನಿಷನ್ನು ಅಂಟಂಟು ಮಾಡಬಲ್ಲದು. ಮಖಮಲನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಬಿಳಿ ಅಂಟನ್ನು ಫೋಮಿಗೆ ಮಾತ್ರ ತೆಳ್ಳಗೆ ಬಳಿದು, ಜಿಗುಟು ಬಂದಮೇಲೆ ಬಟ್ಟೆ ಒತ್ತಬೇಕು. ಅವಸರಪಟ್ಟರೆ ಅಂಟು ಮೇಲಕ್ಕೆ ಬಂದು ಮಖಮಲ್ ರೋಮ ಗಟ್ಟಿಯಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಒಳಗೆ ಬೇಡವೇ ಬೇಡ, ತಂತಿಗೆ ತುಕ್ಕು.

ಮುಚ್ಚಳದ ಕೀಲುಗಳಿಗೆ ಸ್ಕ್ರೂ ಹಾಕಬೇಡಿ, 3 ಮಿ.ಮೀ. ಪ್ಲೈವುಡ್‌ನಿಂದ ಕಿತ್ತು ಬರುತ್ತದೆ. ಒಳಗೆ ಗಟ್ಟಿಮರದ ಪಟ್ಟಿ ಕೊಟ್ಟು ವಾಷರ್ ಸಮೇತ ರಿವೆಟ್ ಬಡಿಯಿರಿ, ಅದೂ ಅಸ್ತರು ಹಾಕುವ ಮೊದಲೇ.